ಹಾಲು ಮೊದಲು, ತಾಯಿ ಆಮೇಲೆ

ಕಡೂರು, ತರೀಕೆರೆ, ಅಜ್ಜಂಪುರ ತಾಲ್ಲೂಕುಗಳು ಅಮೃತಮಹಲ್ ದನದ ಸೀಮೆ. ಇಲ್ಲಿನ ಕಾವಲುಗಳಲ್ಲಿ, ಅಂದರೆ ದನಕ್ಕೆ ಮೀಸಲಾದ ಹುಲ್ಲುಗಾವಲುಗಳಲ್ಲಿ, ಹಸುವನ್ನು ಹಾಲಿಗಾಗಿ ಅಲ್ಲ, ಕರುವಿಗಾಗಿ ಸಾಕುತ್ತಾರೆ. ಕೆಚ್ಚಲಿನ ಹಾಲೆಲ್ಲ ಕರುವಿನ ಪಾಲು. ಹಾಗಾಗಿ ಕರುವಿಗೆ ಹಾಲು ಬಿಡಿಸುವ ಹೊತ್ತಿನಲ್ಲಿ ತಾಯಿಗೂ ಕರುವಿಗೂ ಆಗುವ ಸಂಕಟ ಈ ಸೀಮೆಯಲ್ಲಿ ಬೇರೆಲ್ಲಿಗಿಂತ ಹೆಚ್ಚು ವಿಚಾರಕ್ಕೆ ಅರ್ಹವಾದ ವಿಷಯ. ಕೆಳಗಿನ ಸಂವಾದದಲ್ಲಿ ಮಾತಾಡುವವರು ಇಬ್ಬರು. ಒಬ್ಬರು ದೇವನೂರಿನ ಕಡೆಯ, ದನ ಸಾಕಿ ಬಲ್ಲ ಯಜಮಾನರು, ಇನ್ನೊಬ್ಬರು ಪಶುವೈದ್ಯರು. ಅವರ ಹೆಸರು ಇಲ್ಲಿ ಮುಖ್ಯವಲ್ಲ. ಅವರು ಎತ್ತುವ ಪ್ರಶ್ನೆಗಳು ಕೊಟ್ಟಿಗೆ ಇರುವ ಯಾರ ಮನಸ್ಸಿನಲ್ಲಾದರೂ ಏಳಬಹುದಾದವು.

ಯಜಮಾನರು: ಕರು ಬಿಡಿಸಿದರೆ ಹಸು ಮೂರು ದಿನ ಕೂಗುತ್ತದೆ, ನಾಲ್ಕನೆಯ ದಿನ ತಲೆ ಬಗ್ಗಿಸಿ ಮೇಯುತ್ತದೆ. ಅಪ್ಪ ಅಜ್ಜನ ಕಾಲದಿಂದ ಕಂಡದ್ದು ಇಷ್ಟೇ. ತಾನಾಗಿ ಇಳಿಯುವ ಸಂಕಟಕ್ಕೆ ಶಾಸ್ತ್ರ ಯಾಕೆ ಬೇಕು ಡಾಕ್ಟ್ರೇ? ಕಾಲುಬಾಯಿ ಜ್ವರಕ್ಕೆ ಲಸಿಕೆ ಹಾಕಿ, ಗಳಲೆ ರೋಗಕ್ಕೆ ಹಾಕಿ, ಬೇಡ ಅನ್ನುವುದಿಲ್ಲ. ಚರ್ಮಗಂಟು ರೋಗ ಬಂದಾಗ ನಿಮ್ಮ ದಾರಿ ಕಾದವರು ನಾವೇ. ಆದರೆ ಇದು ರೋಗವಲ್ಲ. ನಮ್ಮದು ಬಯಲುಸೀಮೆ, ಮಳೆ ಕೈಕೊಟ್ಟ ವರ್ಷ ಮೇವು ನೀರು ಹೊಂದಿಸುವುದರಲ್ಲೇ ಜೀವ ಹೈರಾಣಾಗುತ್ತದೆ. ಅದರ ಮಧ್ಯೆ ಹಸುವಿನ ದುಃಖವನ್ನು ಅಳೆದು ಕೂರುವ ಪುರುಸೊತ್ತು ಯಾರಿಗಿದೆ?

ಡಾಕ್ಟರು: ಕೂಗು ನಿಂತಿತು ಅಂದ ಮಾತ್ರಕ್ಕೆ ನಷ್ಟವೂ ಅಲ್ಲಿಗೆ ಮುಗಿಯಿತು ಅಂತಲ್ಲ ಯಜಮಾನರೇ. ಆ ಮೂರು ದಿನ ಹಸು ಏನೇನು ಮಾಡುತ್ತದೆ ಅನ್ನುವುದನ್ನು ನೀವೇ ನೋಡಿದ್ದೀರಿ. ಸರಿಯಾಗಿ ಮೇಯುವುದಿಲ್ಲ, ಮಲಗಿ ಮೆಲುಕು ಹಾಕುವುದಿಲ್ಲ, ಬೇಲಿಗುಂಟ ಹೋಗುತ್ತ ಬರುತ್ತ ಇರುತ್ತದೆ. ಕರುವಿಗೆ ಕೊನೆಯ ಸಲ ಹಾಲು ಕೊಟ್ಟ ಜಾಗಕ್ಕೇ ಮತ್ತೆ ಮತ್ತೆ ಮರಳುತ್ತದೆ. ಹೊಟ್ಟೆಗೆ ಹೋದದ್ದು ಕಡಿಮೆ, ಮೈಯಿಂದ ಖರ್ಚಾದದ್ದು ಹೆಚ್ಚು. ಎಷ್ಟೋ ಸಲ ಆ ಹೊತ್ತಿಗೆ ಮುಂದಿನ ಕರು ಗರ್ಭದಲ್ಲಿರುತ್ತದೆ. ಕರುವಿನ ಕಡೆಗೆ ಬಂದರೆ, ಇಂಥ ಒತ್ತಡದಲ್ಲಿ ರಕ್ತದಲ್ಲಿ ಕಾರ್ಟಿಸಾಲ್ ಅನ್ನುವ ಹಾರ್ಮೋನು ಏರುತ್ತದೆ, ರೋಗ ತಡೆಯುವ ಶಕ್ತಿ ಕುಗ್ಗುತ್ತದೆ. ಹಾಲು ಬಿಡಿಸಿದ ಹೊಸತರಲ್ಲೇ ಕರುಗಳಿಗೆ ಶ್ವಾಸಕೋಶದ ರೋಗ ತಗಲುವುದು ದೊಡ್ಡ ಮಂದೆ ಸಾಕುವ ದೇಶಗಳಲ್ಲೆಲ್ಲ ಗೊತ್ತಿರುವ ಸಂಗತಿ. ಇದು ಲಾಭನಷ್ಟದ ಮಾತಾಯಿತು. ಲಾಭನಷ್ಟ ಬದಿಗಿಟ್ಟರೂ ಒಂದು ಮಾತು ಉಳಿಯುತ್ತದೆ. ಈ ಸಂಕಟ ಮಳೆಯಿಂದ ಬಂದದ್ದಲ್ಲ, ಸೊಳ್ಳೆ ಉಣ್ಣೆಯಿಂದ ಬಂದದ್ದಲ್ಲ; ನಾವು ಗೊತ್ತುಮಾಡಿದ ದಿನ, ನಾವು ಹಾಕಿದ ಹಗ್ಗದಿಂದ ಬಂದದ್ದು. ನಮ್ಮ ಕೈಯಿಂದ ಬಂದದ್ದನ್ನು ನಮ್ಮ ಕೈಯಾರೆ ತಗ್ಗಿಸಬಹುದಾದರೆ ತಗ್ಗಿಸುವುದು ಧರ್ಮ.

ಯಜಮಾನರು: ದೊಡ್ಡ ಮಂದೆ ಸಾಕುವ ದೇಶ ಅಂದಿರಿ. ಅವರು ಸಾಕುವುದು ಮಾಂಸಕ್ಕೆ. ಕರು ಬೇಗ ತೂಕ ಹಾಕಲಿ, ಬೇಗ ಮಾರಾಟವಾಗಲಿ ಅನ್ನುವುದು ಅವರ ಲೆಕ್ಕ. ನಮ್ಮಲ್ಲಿ ಆ ಉದ್ದೇಶವೇ ಇಲ್ಲ. 2020ರ ಜಾನುವಾರು ಹತ್ಯೆ ಪ್ರತಿಬಂಧಕ ಮತ್ತು ಸಂರಕ್ಷಣಾ ಕಾಯ್ದೆ ಬಂದ ಮೇಲಂತೂ ಆ ಮಾತೇ ಮುಗಿಯಿತು. ಮಾಂಸದ ದನದ ಮೇಲೆ ಮಾಡಿದ ಪ್ರಯೋಗದಿಂದ ನಮ್ಮ ಕಾವಲಿನ ಹಸುವಿಗೆ ಏನು ಪಾಠ?

ಡಾಕ್ಟರು: ಸಾಕುವವರ ಉದ್ದೇಶ ಬೇರೆ, ನಿಜ. ಸಾಕುವ ರೀತಿಯನ್ನು ನೋಡಿ, ಅಲ್ಲಿ ಹತ್ತಿರದ ಹೋಲಿಕೆ ಇದೆ. ಡೇರಿ ಹಸುವಿನ ಕರುವನ್ನು ಅನೇಕ ಕಡೆ ಹುಟ್ಟಿದ ಒಂದೆರಡು ದಿನದಲ್ಲೇ ಬೇರೆ ಮಾಡುತ್ತಾರೆ. ಮಾಂಸದ ಮಂದೆಯಲ್ಲಿ ಹಾಗಲ್ಲ. ಹಸುವನ್ನು ಕರೆಯುವುದಿಲ್ಲ, ಕರು ಆರೆಂಟು ತಿಂಗಳು ತಾಯಿಯ ಜೊತೆಯಲ್ಲೇ ಹುಲ್ಲುಗಾವಲಿನಲ್ಲಿ ಬೆಳೆಯುತ್ತದೆ. ಅಮೃತಮಹಲ್ ಮಂದೆಯೂ ಹಾಗೆಯೇ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಬೆಣ್ಣೆ ಚಾವಡಿ ಅಂತಿದ್ದದ್ದು ಟಿಪ್ಪುವಿನ ಕಾಲಕ್ಕೆ ಅಮೃತಮಹಲ್ ಆಯಿತು. ಹೆಸರಿನಲ್ಲಿ ಬೆಣ್ಣೆ ಅಮೃತ ಇದ್ದರೂ ಹೈದರ್, ಟಿಪ್ಪು ಇಬ್ಬರಿಗೂ ಬೇಕಾಗಿದ್ದದ್ದು ತೋಪು ಎಳೆಯುವ, ದಂಡಿನ ಸಾಮಾನು ಹೊರುವ ಎತ್ತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮಂದೆ ಬ್ರಿಟಿಷರ ಕೈಗೆ ಹೋಯಿತು. ಅವರಿಗೂ ಬೇಕಾಗಿದ್ದದ್ದು ಅದೇ ಎತ್ತು. ಗಟ್ಟಿ ಎತ್ತು ಬೇಕಾದರೆ ಕರು ಹೊಟ್ಟೆ ತುಂಬ ಹಾಲು ಕುಡಿಯಬೇಕು, ಹಾಗಾಗಿ ಹಾಲನ್ನು ಕರುವಿಗೇ ಬಿಟ್ಟರು. ಇವತ್ತಿಗೂ ಅಜ್ಜಂಪುರದ ತಳಿ ಸಂವರ್ಧನಾ ಕೇಂದ್ರದ ಮಂದೆಗಳು ಬೀರೂರು, ಬಾಸೂರು, ಲಿಂಗದಹಳ್ಳಿ, ಹಬ್ಬನಘಟ್ಟದ ಕಡೆ ಬಯಲಲ್ಲೇ ಮೇಯುವ ಮಂದೆಗಳು. ಕೆನಡಾದ ಮಾಂಸದ ಹಸುವಿಗೂ ಕಾವಲಿನ ಹಸುವಿಗೂ ತಾಯ್ತನದ ರೀತಿ ಒಂದೇ. ಅವರ ಉದ್ದೇಶ ನಮಗೆ ಬೇಡ. ಅವರು ಕಣ್ಣಾರೆ ಕಂಡು ಬರೆದಿಟ್ಟದ್ದನ್ನು ಬಿಡುವುದು ಮಾತ್ರ ಜಾಣತನವಲ್ಲ.

ಯಜಮಾನರು: ಹಾಗಾದರೆ ಇನ್ನೊಂದು ದಾರಿ ಇದೆಯಲ್ಲ. ಬಿಡಿಸುವುದೇ ಬೇಡ. ಹಸುವಿಗೆ ಯಾವಾಗ ಸಾಕು ಅನ್ನಿಸುತ್ತದೋ ಆಗ ಅದೇ ಒದ್ದು ದೂರ ಮಾಡುತ್ತದೆ. ಮನುಷ್ಯ ನಡುವೆ ಬರದಿದ್ದರೆ ಸಂಕಟವೂ ಇಲ್ಲ, ನಿಮ್ಮ ಉಪಾಯವೂ ಬೇಡ.

ಡಾಕ್ಟರು: ಆ ಪ್ರಶ್ನೆಯಿಂದಲೇ ನನ್ನ ವಾದ ಹುಟ್ಟುತ್ತದೆ. ಮನುಷ್ಯ ಅಡ್ಡ ಬರದಿದ್ದರೆ ಏನಾಗುತ್ತದೆ ಅನ್ನುವುದನ್ನು ರೈನ್‌ಹಾರ್ಟ್ ಅನ್ನುವ ದಂಪತಿ ಕೆನ್ಯಾದಲ್ಲಿ ನಮ್ಮ ದನದಂತೆಯೇ ಡುಬ್ಬವಿರುವ ಜೀಬು ದನಗಳ ಮಂದೆಯಲ್ಲಿ ನೋಡಿ 1981ರಲ್ಲಿ ಪ್ರಕಟಿಸಿದರು. ಹೆಣ್ಣುಕರು ಸರಾಸರಿ ಒಂಬತ್ತು ತಿಂಗಳ ಸುಮಾರಿಗೆ, ಹೋರಿಕರು ಹನ್ನೊಂದು ತಿಂಗಳು ದಾಟಿದ ಮೇಲೆ ಹಾಲು ಬಿಟ್ಟವು. ಬಿಡಿಸಿದ್ದು ತಾಯಿಯೇ. ಅದಕ್ಕಿಂತ ಮುಖ್ಯವಾದ ಮಾತು ಇದು: ಹಾಲು ನಿಂತ ಮೇಲೂ ತಾಯಿ ಕರುವಿನ ಒಡನಾಟ ನಿಲ್ಲಲಿಲ್ಲ. ಒಟ್ಟಿಗೆ ಮೇದವು, ಒಂದನ್ನೊಂದು ನೆಕ್ಕಿದವು, ಮುಂದಿನ ಕರು ಹುಟ್ಟಿದ ಮೇಲೂ ಆ ನಂಟು ಉಳಿಯಿತು. ಅಂದರೆ ಪ್ರಕೃತಿ ಬಿಡಿಸುವುದು ಹಾಲನ್ನು ಮಾತ್ರ, ತಾಯಿಯನ್ನಲ್ಲ. ನಾವು ಒಂದು ಬೆಳಗ್ಗೆ ಕರುವನ್ನು ಹೊಡೆದುಕೊಂಡು ಹೋದಾಗ ಎರಡನ್ನೂ ಒಂದೇ ಗಳಿಗೆಯಲ್ಲಿ ಕಿತ್ತುಕೊಳ್ಳುತ್ತೇವೆ. ಪೂರ್ತಿ ಪ್ರಕೃತಿಗೇ ಬಿಟ್ಟುಬಿಡಬಹುದಲ್ಲ ಅಂತ ಕೇಳಿದಿರಿ. ಅನುಕೂಲ ಇದ್ದಲ್ಲಿ ಬಿಡಿ, ಅದಕ್ಕಿಂತ ಒಳ್ಳೆಯದಿಲ್ಲ. ಆದರೆ ಹುಲ್ಲು ಒಣಗಿದ ಬೇಸಿಗೆಯಲ್ಲಿ ದೊಡ್ಡ ಕರು ಚೀಪುತ್ತಲೇ ಇದ್ದರೆ ಹಸು ಎಲುಬು ಬಿಡುತ್ತದೆ. ಕರು ಚೀಪುತ್ತಿರುವಷ್ಟು ಕಾಲ ಹಸು ಬೆದೆಗೆ ಬರುವುದು ತಡವಾಗುತ್ತದೆ, ಜೀಬು ತಳಿಯಲ್ಲಂತೂ ಇನ್ನೂ ತಡ. ಬಲಿತ ಹೋರಿಕರುವನ್ನು ಮಂದೆಯಲ್ಲೇ ಬಿಟ್ಟರೆ ಅಕ್ಕತಂಗಿಯರ ಮೇಲೆಯೇ ಹಾರುತ್ತದೆ, ತಳಿ ಕೆಡುತ್ತದೆ. ಹಾಗಾಗಿ ಬೇರೆ ಮಾಡಲೇಬೇಕಾದ ಕಾಲ ಬಂದೇ ಬರುತ್ತದೆ. ಹಾಲು, ತಾಯಿ ಎರಡನ್ನೂ ಒಂದೇ ದಿನ ಬಿಡಿಸಬೇಡಿ. ಮೊದಲು ಹಾಲು, ಆಮೇಲೆ ತಾಯಿ. ನಾನು ಹೇಳುವುದು ಇಷ್ಟೇ.

ಯಜಮಾನರು: ಕೇಳಲು ಚೆನ್ನಾಗಿದೆ. ಆದರೆ ನಮ್ಮ ಕಡೆ ತಿಳಿದವರು ಇದಕ್ಕೆ ವಿರುದ್ಧ ಹೇಳುತ್ತಾರೆ. ನೋವು ಕೊಡಲೇಬೇಕಾದರೆ ಒಂದೇ ಏಟಿಗೆ ಮುಗಿಸಬೇಕು. ಹಾಲನ್ನು ಒಂದು ದಿನ, ತಾಯಿಯನ್ನು ಇನ್ನೊಂದು ದಿನ ಅಂದರೆ ಮೂರು ದಿನದ ದುಃಖವನ್ನು ಎರಡು ಸಲ ಮಾಡಿದಂತಾಗುವುದಿಲ್ಲವೇ?

ಡಾಕ್ಟರು: ಎರಡು ದುಃಖವನ್ನು ಒಟ್ಟಿಗೆ ಕೊಟ್ಟರೂ ಬೇರೆ ಬೇರೆ ಕೊಟ್ಟರೂ ಒಟ್ಟು ಮೊತ್ತ ಒಂದೇ ಅನ್ನುವುದು ಊಹೆ. ಕೆನಡಾದ ಸಸ್ಕ್ಯಾಚೆವಾನ್ ವಿಶ್ವವಿದ್ಯಾಲಯದ ಹೇಲಿ, ಬೈಲಿ, ಸ್ಟೂಕಿ ಅನ್ನುವವರು ಅದನ್ನು ಪರೀಕ್ಷೆಗೆ ಒಡ್ಡಿ 2005ರಲ್ಲಿ ಬರೆದರು. ಕೆಲವು ಕರುಗಳ ಮೂಗಿಗೆ ಪ್ಲಾಸ್ಟಿಕ್ ಪಟ್ಟಿ ತಗುಲಿಸಿ ತಾಯಿಯ ಜೊತೆಗೇ ಬಿಟ್ಟರು. ಆ ಪಟ್ಟಿ ಇದ್ದರೆ ಕರು ಮೇಯಬಹುದು, ನೀರು ಕುಡಿಯಬಹುದು, ತಾಯಿಯ ಪಕ್ಕ ಮಲಗಬಹುದು, ಮೊಲೆ ಮಾತ್ರ ಬಾಯಿಗೆ ಸಿಗುವುದಿಲ್ಲ. ಕೆಲವು ದಿನದ ಮೇಲೆ ಪಟ್ಟಿ ತೆಗೆದು ತಾಯಿಯಿಂದ ಬೇರೆ ಮಾಡಿದರು. ಇನ್ನು ಕೆಲವನ್ನು ನಮ್ಮ ರೂಢಿಯಂತೆ ಒಂದೇ ಸಲ ಬೇರೆ ಮಾಡಿದರು. ಬೇರೆಯಾದ ಮೇಲಿನ ದಿನಗಳಲ್ಲಿ ಎರಡು ಹಂತದ ಕರುಗಳು ಶೇಕಡಾ 97ರಷ್ಟು ಕಡಿಮೆ ಕೂಗಿದವು, ಶೇಕಡಾ 79ರಷ್ಟು ಕಡಿಮೆ ಅಲೆದವು, ಮೇಯುವುದಕ್ಕೂ ಮಲಗುವುದಕ್ಕೂ ಹೆಚ್ಚು ಹೊತ್ತು ಕೊಟ್ಟವು. ಮೂಗುಪಟ್ಟಿ ಹಾಕಿದ್ದ ದಿನಗಳಲ್ಲೂ ದೊಡ್ಡ ಗಲಾಟೆ ಇರಲಿಲ್ಲ. ತಾಯಿ ಪಕ್ಕದಲ್ಲಿದ್ದಾಗ ಹಾಲಿನ ನಷ್ಟ ತಡೆದುಕೊಳ್ಳುವಂಥದ್ದು. ಹಾಲಿನ ಆಸೆ ಬಿಟ್ಟುಹೋದ ಮೇಲೆ ತಾಯಿಯ ಅಗಲಿಕೆಯೂ ತಡೆದುಕೊಳ್ಳುವಂಥದ್ದು. ಎರಡನ್ನೂ ಒಂದೇ ಗಳಿಗೆಯಲ್ಲಿ ಹೊರಿಸಿದಾಗ ಮಾತ್ರ ತಡೆಯಲಾರದ ಭಾರವಾಗುತ್ತದೆ. ಒಂದು ಮಾತು ಮುಚ್ಚಿಡುವುದಿಲ್ಲ: ಕೊನೆಯಲ್ಲಿ ತೂಗಿದಾಗ ಎದ್ದು ಕಾಣುವಂಥ ಹೆಚ್ಚು ತೂಕ ಆ ಕ್ರಮದಿಂದ ಬರಲಿಲ್ಲ. ಹಣದ ಲಾಭವೊಂದನ್ನೇ ಕೇಳುವವರಿಗೆ ಅದು ಕೊರತೆಯಾಗಿ ಕಾಣಬಹುದು. ಸಂಕಟ ತಗ್ಗುವುದೇ ಲಾಭ ಅನ್ನುವವರಿಗೆ ಅಂಕಿಗಳು ಸಾಕು.

ಯಜಮಾನರು: ನೀವು ಕರುವಿನ ಲೆಕ್ಕವನ್ನೇ ಹೇಳುತ್ತಿದ್ದೀರಿ. ನಾನು ಶುರುವಿನಲ್ಲಿ ಕೇಳಿದ್ದು ಹಸುವಿನ ವಿಷಯ. ಕರುವಿಗೆ ಹಾಲು ತಪ್ಪುತ್ತದೆ, ಹಸಿವಾಗುತ್ತದೆ, ಕೂಗುತ್ತದೆ, ಅದು ಅರ್ಥವಾಗುವಂಥದ್ದು. ಹಸುವಿಗೆ ಏನು ತಪ್ಪುತ್ತದೆ? ಕೆಚ್ಚಲು ಬಿಗಿಯುತ್ತದೆ, ಅದಕ್ಕೆ ಕೂಗುತ್ತದೆ. ಕರೆದುಬಿಟ್ಟರೆ ಸರಿಹೋಗುವುದಿಲ್ಲವೇ?

ಡಾಕ್ಟರು: ಕೆಚ್ಚಲಿನ ಬಿಗಿತ ಒಂದು ಕಾರಣ, ಆದರೆ ಅದೊಂದೇ ಅಲ್ಲ. ಹಸುವಿನ ಮೈ ತನ್ನ ಕರುವನ್ನು ಎಷ್ಟು ಆಳವಾಗಿ ಗುರುತಿಟ್ಟುಕೊಂಡಿರುತ್ತದೆ ಅನ್ನುವುದಕ್ಕೆ ಬೆದೆಯ ಮೇಲೆ ಅಮೆರಿಕದಲ್ಲಿ ನಡೆದ ಪ್ರಯೋಗಗಳೇ ಸಾಕ್ಷಿ. ಕರು ಚೀಪುತ್ತಿದ್ದರೆ ಬೆದೆ ತಡವಾಗುತ್ತದೆ ಅಂದೆನಲ್ಲ, ಅದು ಬರೀ ಮೊಲೆ ಎಳೆದದ್ದರ ಪರಿಣಾಮ ಅಂತ ಮೊದಲು ತಿಳಿದಿದ್ದರು. ಆದರೆ ಕೆಚ್ಚಲಿನ ನರಗಳ ಸಂಪರ್ಕ ತಪ್ಪಿಸಿದರೂ ತನ್ನದೇ ಕರು ಜೊತೆಗಿದ್ದರೆ ಬೆದೆ ತಡವಾಗುವುದು ಹಾಗೇ ಇತ್ತು. ಬೇರೆ ಹಸುವಿನ ಕರುವನ್ನು ಬಲವಂತವಾಗಿ ಚೀಪಿಸಿದರೆ ಆ ಪರಿಣಾಮ ಹೋಯಿತು. ನೋಟ, ವಾಸನೆ ಎರಡರಿಂದಲೂ ತನ್ನ ಕರುವನ್ನು ಗುರುತಿಸಲಾಗದಂತೆ ಮಾಡಿದಾಗಲೂ ಹೋಯಿತು. ಗ್ರಿಫಿತ್, ವಿಲಿಯಮ್ಸ್ ಅನ್ನುವವರು ಈ ಕೊನೆಯದನ್ನು 1996ರಲ್ಲಿ ಪ್ರಕಟಿಸಿದರು. ‘ಇದು ನನ್ನ ಕರು’ ಅನ್ನುವ ಅರಿವೇ ಹಸುವಿನ ಮಿದುಳಿನಿಂದ ಇಳಿದು ಅಂಡಾಶಯದವರೆಗೆ ಮಾತಾಡುತ್ತದೆ. ಇಷ್ಟು ಆಳಕ್ಕಿಳಿದ ನಂಟನ್ನು ಒಂದು ಬೆಳಗ್ಗೆ ಕತ್ತರಿಸಿದಾಗ ಬರುವ ಕೂಗನ್ನು ಕೆಚ್ಚಲಿನ ಬಿಗಿತ ಅಂತ ತಳ್ಳಿಹಾಕುವುದು ಸರಿಯಲ್ಲ. ಕರೆಯುವುದೂ ಮದ್ದಲ್ಲ. ಕರೆದಷ್ಟೂ ಕೆಚ್ಚಲು ಮತ್ತೆ ಹಾಲು ತುಂಬಿಕೊಳ್ಳುತ್ತದೆ, ಹಾಲು ಬತ್ತುವುದು ತಡವಾಗುತ್ತದೆ. ಹಿಂಡಿ ಬೂಸಾ ಕೊಡುತ್ತಿದ್ದರೆ ಬಿಡಿಸುವ ಮೊದಲೇ ಕಡಿಮೆ ಮಾಡಿ, ಒಣಹುಲ್ಲು ನೀರಿನ ಮೇಲಿಡಿ, ಕೆಚ್ಚಲು ಕೆಂಪಾಗಿ ಬಿಸಿಯಾದರೆ ಮಾತ್ರ ಕೆಚ್ಚಲು ಬಾವು ಅಂತ ನನ್ನನ್ನು ಕರೆಯಿರಿ. ಎರಡು ಹಂತದ ಕ್ರಮದಲ್ಲಿ ಈ ಬತ್ತುವ ಕೆಲಸ ಕರು ಕಣ್ಣೆದುರಿಗೇ ಇರುವಾಗ ನಡೆಯುತ್ತದೆ. ಹಸು ಕರುವನ್ನು ನೆಕ್ಕುತ್ತಿರುತ್ತದೆ, ಕೆಚ್ಚಲು ಮೆಲ್ಲಗೆ ಬತ್ತುತ್ತಿರುತ್ತದೆ. ಈ ಕ್ರಮದಲ್ಲಿ ಕರುಗಳಂತೆಯೇ ತಾಯಂದಿರೂ ಕಡಿಮೆ ಕೂಗಿದ್ದು, ಕಡಿಮೆ ಅಲೆದದ್ದು ಕಂಡುಬಂದಿದೆ.

ಯಜಮಾನರು: ಆ ಮೂಗುಪಟ್ಟಿ ನಮಗೆ ಹೊಸದಲ್ಲ. ಕರುವಿನ ಬಾಯಿಗೆ ಕುಕ್ಕೆ ಹಾಕುವುದು, ಮೂತಿಗೆ ಮುಳ್ಳು ಕಟ್ಟುವುದು ನಮ್ಮವರಿಗೂ ಗೊತ್ತು. ನೀವು ಹೇಳುವುದು ಅದೇ ತಾನೇ, ಹೆಸರು ಮಾತ್ರ ಹೊಸದು?

ಡಾಕ್ಟರು: ಉದ್ದೇಶ ಒಂದೇ, ಮುಳ್ಳಿನ ಕೆಲಸ ಬೇರೆ. ಮುಳ್ಳು ಚುಚ್ಚುವುದು ಕೆಚ್ಚಲಿಗೆ. ಕರು ಹತ್ತಿರ ಬಂದರೆ ನೋವು ಅಂತ ಹಸುವಿಗೆ ಕಲಿಸಿ, ಹಸುವೇ ಕರುವನ್ನು ಒದೆಯುವಂತೆ ಮಾಡುತ್ತದೆ. ಬೇರೆ ಮಾಡುವ ಮೊದಲು ಉಳಿಸಿಕೊಳ್ಳಬೇಕಾದ ಒಡನಾಟವನ್ನೇ ಅದು ಮುರಿಯುತ್ತದೆ. ಕುಕ್ಕೆಯಲ್ಲಿ ಬೇರೆ ತೊಂದರೆ ಇದೆ. ಅದನ್ನು ಹಾಕಿದ ಕರು ಮೇಯಲಾರದು, ಹಾಗಾಗಿ ದಿನವಿಡೀ ಬಿಡುವಂತಿಲ್ಲ. ಒಳ್ಳೆಯ ಮೂಗುಪಟ್ಟಿ ಚುಚ್ಚುವುದಿಲ್ಲ, ಮೇಯಲು ಅಡ್ಡಿಯಾಗುವುದಿಲ್ಲ. ಅದಕ್ಕೂ ದೋಷವಿದೆ. ಬಿಗಿಯಾದರೆ, ಬಹಳ ದಿನ ಬಿಟ್ಟರೆ ಮೂಗಿನ ಒಳಗೆ ಹುಣ್ಣಾಗುತ್ತದೆ, ದಿನಾ ನೋಡಿಕೊಳ್ಳಬೇಕು. ನಾಲ್ಕೈದು ದಿನ, ಹೆಚ್ಚೆಂದರೆ ಒಂದು ವಾರ ಸಾಕು. ಮನೆಯಲ್ಲಿ ಒಂದೆರಡು ಹಸು ಕಟ್ಟಿರುವವರಿಗೆ ಇದು ಕೈಗೆಟಕುವ ಕೆಲಸ.

ಯಜಮಾನರು: ಮನೆ ಹಸುವಿನ ಮಾತು ಒಪ್ಪುತ್ತೇನೆ. ಕಾವಲಿಗೆ ಬನ್ನಿ. ಅಮೃತಮಹಲ್ ಕರು ಅಂದರೆ ಏನು ಅನ್ನುವುದು ನಿಮಗೆ ಗೊತ್ತು. ಮನುಷ್ಯನ ಕೈ ಸೋಕದೆ ಬೆಳೆದದ್ದು. ಕೊಂಬಿನ ತಾಯಿ ಪಕ್ಕದಲ್ಲಿರುವಾಗ ಅದನ್ನು ಹಿಡಿದು ಮೂಗಿಗೆ ಪಟ್ಟಿ ತಗುಲಿಸಬೇಕು, ಐದು ದಿನ ಬಿಟ್ಟು ಮತ್ತೆ ಹಿಡಿದು ತೆಗೆಯಬೇಕು. ಎರಡು ಸಲ ಹಗ್ಗ ಹಾಕಿ ಕೆಡಹುವ ಗಾಬರಿಯ ಮುಂದೆ ಹಾಲು ಬಿಡಿಸುವ ಸಂಕಟ ಏನು ಮಹಾ? ನಿಮ್ಮ ಮದ್ದು ರೋಗಕ್ಕಿಂತ ಕೆಟ್ಟದಾಗುತ್ತದೆ.

ಡಾಕ್ಟರು: ಅದು ಸರಿಯಾದ ಆಕ್ಷೇಪ, ಒಪ್ಪಿಕೊಳ್ಳುತ್ತೇನೆ. ಕಾವಲಿನ ಮಂದೆಗೆ ಮೂಗುಪಟ್ಟಿ ಹೇಳಿದ್ದಲ್ಲ. ಆದರೆ ನನ್ನ ವಾದ ನಿಂತಿರುವುದು ಪಟ್ಟಿಯ ಮೇಲಲ್ಲ, ಕ್ರಮದ ಮೇಲೆ. ಹಾಲು ಮೊದಲು, ತಾಯಿ ಆಮೇಲೆ ಅನ್ನುವುದನ್ನು ಕರುವನ್ನು ಮುಟ್ಟದೆಯೂ ಮಾಡಬಹುದು. ಗಟ್ಟಿ ಬೇಲಿಯ ಒಂದು ಕಡೆ ಕರು, ಇನ್ನೊಂದು ಕಡೆ ತಾಯಿ. ಮೂಗಿಗೆ ಮೂಗು ತಾಗಿಸಬಹುದು, ನೋಡಬಹುದು, ಮೂಸಬಹುದು, ಪಕ್ಕಪಕ್ಕದಲ್ಲಿ ಮಲಗಬಹುದು, ಹಾಲು ಮಾತ್ರ ಸಿಗದು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್ಸಿನ ಪ್ರೈಸ್ ಮತ್ತು ಸಂಗಡಿಗರು 2003ರಲ್ಲಿ ಇದನ್ನು ವರದಿ ಮಾಡಿದರು. ಒಂದು ವಾರ ಬೇಲಿಯಾಚೆ ತಾಯಿ ಇದ್ದ ಕರುಗಳು ಪೂರ್ತಿ ದೂರ ಒಯ್ದ ಕರುಗಳಿಗಿಂತ ಕಡಿಮೆ ಕೂಗಿದವು, ಕಡಿಮೆ ಅಲೆದವು, ಹೆಚ್ಚು ಹೊತ್ತು ಮಲಗಿದವು. ಮೊದಲ ಎರಡು ವಾರದಲ್ಲಿ ಹೆಚ್ಚು ತೂಕ ಹಾಕಿದವು, ಹತ್ತು ವಾರದ ಮೇಲೂ ಆ ಅಂತರ ತುಂಬಿಬರಲಿಲ್ಲ. ನಮ್ಮ ಕಾವಲುಗಳಿಗೆ ಈ ಕ್ರಮ ಒಗ್ಗುತ್ತದೆ. ಹಿಂದಿನವರು ಕಾವಲುಗಳನ್ನು ಮಳೆಗಾಲದ್ದು, ಚಳಿಗಾಲದ್ದು, ಬೇಸಿಗೆಯದ್ದು ಅಂತ ವಿಂಗಡಿಸಿ ಮಂದೆಯನ್ನು ಹುಲ್ಲು ನೀರಿನ ಹಿಂದೆ ನಡೆಸುತ್ತಿದ್ದರು. ಈಗಲೂ ಬಿಡಿಸುವ ಕಾಲವನ್ನು ಹುಲ್ಲು ನೀರು ಇರುವಾಗ, ಮಳೆಗಾಲದ ಕೊನೆಯಲ್ಲಿ ಗೊತ್ತುಮಾಡಬೇಕು, ಬೇಸಿಗೆಗೆ ತಳ್ಳಬಾರದು. ಜಾಗ ಬದಲಿಸುವುದಾದರೆ ತಾಯಂದಿರನ್ನು ಬದಲಿಸಿ. ಕರು ತನಗೆ ಪರಿಚಯವಿರುವ ದೊಡ್ಡಿಯಲ್ಲೇ ಇರಲಿ, ನೀರಿನ ತೊಟ್ಟಿ ಎಲ್ಲಿದೆ, ನೆರಳು ಎಲ್ಲಿದೆ ಅನ್ನುವುದು ಅದಕ್ಕೆ ಗೊತ್ತಿರುತ್ತದೆ. ಗೋದಲಿಯಲ್ಲಿ ತಿನ್ನುವುದನ್ನು ತಾಯಿಯ ಜೊತೆ ಇರುವಾಗಲೇ ಕಲಿತಿರಲಿ.

ಯಜಮಾನರು: ಕಣ್ಣೆದುರಿಗೆ ಕರು, ನಡುವೆ ಬೇಲಿ. ಸಿಗದ್ದನ್ನು ತೋರಿಸುತ್ತಾ ಇಡುವುದು ಇನ್ನೂ ದೊಡ್ಡ ಹಿಂಸೆ ಅಲ್ಲವೇ? ಕಾಣದಿದ್ದರೆ ಮರೆಯುತ್ತದೆ. ಜೊತೆಗೆ ಅಮೃತಮಹಲ್ ಹಸುವನ್ನು ತಡೆಯುವ ಬೇಲಿಗೆ ದುಡ್ಡು ಯಾರು ಹಾಕುತ್ತಾರೆ?

ಡಾಕ್ಟರು: ಮೊದಲ ಮಾತು ನಮ್ಮ ಮನಸ್ಸಿನಿಂದ ಬಂದದ್ದು. ಅದು ನಿಜವೋ ಅಲ್ಲವೋ ಅನ್ನುವುದನ್ನು ಹಸುವನ್ನೇ ನೋಡಿ ತಿಳಿಯಬೇಕು. ಬೇಲಿಯ ಪಕ್ಕ ನಿಂತ ಹಸು ಮೊದಲೆರಡು ದಿನ ಕೂಗುತ್ತದೆ, ಇಲ್ಲ ಅನ್ನುವುದಿಲ್ಲ. ಎಲ್ಲ ಅಧ್ಯಯನಗಳೂ ಒಂದೇ ಮಾತು ಹೇಳುವುದಿಲ್ಲ ಅನ್ನುವುದೂ ನಿಜ. ಬೇಲಿಯ ಕ್ರಮದಲ್ಲಿ ಸಂಕಟ ತಗ್ಗಿದರೂ ಹೆಚ್ಚು ದಿನಕ್ಕೆ ಹರಡಿಕೊಂಡದ್ದನ್ನು, ಆಮೇಲೆ ದೂರ ಒಯ್ದಾಗ ಮತ್ತೆ ಸ್ವಲ್ಪ ಕೂಗಿದ್ದನ್ನು ಕಂಡವರಿದ್ದಾರೆ. ಆದರೆ ಕಾಣದ ಕರುವನ್ನು ಹುಡುಕುವ ಹಸು ಬೇಲಿ ಮುರಿದು ಓಡುತ್ತದೆ. ಕಾಣುವ ಕರುವಿನ ಪಕ್ಕ ನಿಂತ ಹಸು ಸ್ವಲ್ಪ ಹೊತ್ತಿಗೆ ಅಲ್ಲೇ ಮಲಗಿ ಮೆಲುಕು ಹಾಕುತ್ತದೆ. ಮೆಲುಕು ಹಾಕುವುದು ದನ ತನ್ನ ನೆಮ್ಮದಿಯನ್ನು ತಾನೇ ಹೇಳುವ ರೀತಿ. ಇನ್ನು ದುಡ್ಡಿನ ಮಾತು. ಇಡೀ ಕಾವಲಿಗೆ ಬೇಲಿ ಬೇಕಿಲ್ಲ. ಈಗಿರುವ ದೊಡ್ಡಿಯ ನಡುವೆ, ಕರು ತಲೆ ತೂರಿಸಿ ಹಾಲು ಕುಡಿಯಲಾಗದಷ್ಟು ಸಂದು ಬಿಟ್ಟು, ಗಟ್ಟಿ ಗಳಗಳ ಒಂದು ಅಡ್ಡಗೋಡೆ ಸಾಕು. ಎರಡೂ ಕಡೆ ನೀರು, ಮೇವು ಇರಬೇಕು. ಒಮ್ಮೆ ಕಟ್ಟಿದರೆ ವರ್ಷ ವರ್ಷವೂ ಬಳಕೆಗೆ ಬರುತ್ತದೆ, ಲಸಿಕೆ ಹಾಕುವಾಗಲೂ ಉಪಯೋಗ.

ಯಜಮಾನರು: ಸರಿ. ಆದರೆ ನೀವು ಹೇಳದೇ ಬಿಟ್ಟ ಒಂದು ಸಂಕಟ ಇದೆ. ಬೀರೂರಿನಲ್ಲಿ ಹೋರಿಕರುಗಳ ಹರಾಜು ನಡೆಯುತ್ತದಲ್ಲ, ಅಲ್ಲಿ ಕೂಗುವ ಕರು ಹಾಲಿಗೆ ಕೂಗುವುದಲ್ಲ. ಬೆಳಗ್ಗೆವರೆಗೂ ಮಂದೆಯಲ್ಲಿದ್ದದ್ದು, ಜನ ಸೇರಿದ ಗದ್ದಲದಲ್ಲಿ ಹಗ್ಗ ಬೀಳುತ್ತದೆ, ಗಾಡಿ ಹತ್ತುತ್ತದೆ, ಕಂಡರಿಯದ ಊರಿಗೆ ಹೋಗುತ್ತದೆ, ಕೆಲವೇ ದಿನದಲ್ಲಿ ಮೂಗುದಾರ ಬೀಳುತ್ತದೆ. ಹಾಲು ಬಿಟ್ಟು ಎಷ್ಟು ದಿನವಾಗಿದ್ದರೂ ಮಂದೆ ಬಿಟ್ಟು ಒಂದು ದಿನವೂ ಆಗಿರುವುದಿಲ್ಲ. ನಿಮ್ಮ ಕ್ರಮ ಅಲ್ಲಿಗೂ ತಲುಪಬೇಕು.

ಡಾಕ್ಟರು: ನನ್ನ ವಾದಕ್ಕೆ ಇಲ್ಲದ ಕೊನೆಯ ಕೊಂಡಿಯನ್ನು ನೀವು ಸೇರಿಸಿದಿರಿ. ಹಾಲು, ತಾಯಿ, ಮಂದೆ, ಊರು ಇವು ನಾಲ್ಕು ಬೇರೆ ಬೇರೆ ನಷ್ಟಗಳು. ಇವುಗಳ ಮೇಲೆ ಬೀಜ ಒಡೆಯುವುದು, ಮೂಗು ಚುಚ್ಚುವುದು, ಲಸಿಕೆ, ದೂರದ ಸಾಗಾಟ ಬಂದು ಕೂರುತ್ತವೆ. ಯಾವುದನ್ನೂ ಇನ್ನೊಂದರ ಮೇಲೆ ಹೇರದಂತೆ ದಿನಗಳನ್ನು ಹಂಚುವುದೇ ಇಡೀ ವಿದ್ಯೆ. ಅಮೆರಿಕದಲ್ಲಿ ಕರು ಮಾರುವವರು ಹಾಲು ಬಿಡಿಸಿ ಕನಿಷ್ಠ 45 ದಿನ ತಮ್ಮಲ್ಲೇ ಇಟ್ಟುಕೊಂಡು, ಲಸಿಕೆ ಹಾಕಿಸಿ, ಗೋದಲಿಯಲ್ಲಿ ತಿನ್ನುವುದು ಕಲಿಸಿ ಮಾರುವ ಪದ್ಧತಿ ಬೆಳೆಸಿಕೊಂಡಿದ್ದಾರೆ, ಕೊಳ್ಳುವವರೂ ಅದಕ್ಕೆ ಹೆಚ್ಚು ಬೆಲೆ ಕೊಡುತ್ತಾರೆ. ಲಸಿಕೆ ಬಿಡಿಸುವ ದಿನ ಬೇಡ, ಕೆಲವು ವಾರ ಮೊದಲೇ ಆಗಲಿ; ಒತ್ತಡದಲ್ಲಿರುವ ಮೈಗೆ ಲಸಿಕೆ ಸರಿಯಾಗಿ ಹಿಡಿಯುವುದಿಲ್ಲ. ಹರಾಜಿಗೆ ಬರುವ ಹೋರಿಕರುಗಳನ್ನು ಕೆಲವು ವಾರ ಮೊದಲೇ ಒಂದು ದೊಡ್ಡಿಯಲ್ಲಿ ಒಟ್ಟಿಗೆ ಇಟ್ಟು ಮನುಷ್ಯರ ಓಡಾಟಕ್ಕೆ ಒಗ್ಗಿಸಬಹುದು. ಕೊಳ್ಳುವವರು ಸಾಮಾನ್ಯವಾಗಿ ಜೋಡಿ ಬಯಸುತ್ತಾರೆ. ಜೊತೆಯಲ್ಲಿ ಬೆಳೆದ ಎರಡನ್ನೇ ಜೋಡಿ ಮಾಡಿ ಕೊಟ್ಟರೆ ಹೊಸ ಊರಿನಲ್ಲಿ ಒಂದಾದರೂ ಪರಿಚಯದ ಮೈ ಪಕ್ಕದಲ್ಲಿರುತ್ತದೆ.

ಯಜಮಾನರು: ಇಷ್ಟೆಲ್ಲ ಒಗ್ಗಿಸಿ ಸಾಕಿದರೆ ಅಮೃತಮಹಲ್ ಅಮೃತಮಹಲ್ ಆಗಿ ಉಳಿಯುತ್ತದೆಯೇ? ಈ ತಳಿಯ ಹೆಸರು ನಿಂತಿರುವುದೇ ಅದರ ಕಿಚ್ಚಿನ ಮೇಲೆ. ಮೆತ್ತಗೆ ಮಾಡಿದರೆ ಓಟವೂ ಹೋಗುತ್ತದೆ, ಗಟ್ಟಿತನವೂ ಹೋಗುತ್ತದೆ ಅನ್ನುವವರಿದ್ದಾರೆ.

ಡಾಕ್ಟರು: ಕಿಚ್ಚು ಬೇರೆ, ಹೆದರಿಕೆ ಬೇರೆ ಯಜಮಾನರೇ. ಓಟ, ಗಟ್ಟಿ ಗೊರಸು, ಬಿಸಿಲು ತಡೆಯುವ ಮೈ, ಇವು ರಕ್ತದಲ್ಲಿ ಬಂದವು, ಶತಮಾನಗಳ ಆಯ್ಕೆಯಿಂದ ಬಂದವು. ಬಿಡಿಸುವ ವಾರದಲ್ಲಿ ನಾವು ಎಷ್ಟು ಜಾಗ್ರತೆಯಿಂದ ನಡೆದುಕೊಂಡರೂ ಅವು ಮಾಸುವುದಿಲ್ಲ. ಮನುಷ್ಯನನ್ನು ಕಂಡರೆ ಗಾಬರಿಗೊಂಡು ನುಗ್ಗುವುದು ಹಾಗಲ್ಲ, ಅದರಲ್ಲಿ ಕಲಿತದ್ದೂ ಬಹಳ ಇದೆ. ಕರು ಮನುಷ್ಯನನ್ನು ಮೊದಲ ಸಲ ಹತ್ತಿರದಿಂದ ಕಾಣುವುದೇ ತಾಯಿಯಿಂದ ಕಿತ್ತುಕೊಳ್ಳುವವನ ರೂಪದಲ್ಲಾದರೆ, ಅದು ಕಲಿಯುವ ಪಾಠ ಅದೇ. ಆ ಪಾಠದ ಬೆಲೆಯನ್ನು ತೆರುವವನು ಹರಾಜಿನಲ್ಲಿ ಕೊಂಡು ಉಳುಮೆಗೆ ಪಳಗಿಸಬೇಕಾದ ರೈತ. ಗಾಬರಿಯ ಎತ್ತನ್ನು ನೊಗಕ್ಕೆ ಹೂಡುವುದು ಅವನಿಗೂ ಅಪಾಯ, ಎತ್ತಿಗೂ ಅಪಾಯ. ಟ್ರ್ಯಾಕ್ಟರ್ ಬಂದ ಮೇಲೆ ಎತ್ತು ಕೊಳ್ಳುವವರೇ ವಿರಳವಾಗಿದ್ದಾರೆ. ಈ ಕಾಲದಲ್ಲಿ ಹೋರಿಕರು ಕೊಂಡವನು ಮುಂದಿನ ವರ್ಷವೂ ಬರಬೇಕಾದರೆ, ಅವನ ಕೈಗೆ ಸಿಗುವುದು ಕಿಚ್ಚಿನ ಕರುವಾಗಿರಬೇಕು, ಗಾಬರಿಯ ಕರುವಲ್ಲ. ತಳಿ ಉಳಿಯುವುದಕ್ಕೂ ಈ ಜಾಗ್ರತೆಗೂ ಸಂಬಂಧ ಇರುವುದು ಅಲ್ಲಿ.

ಯಜಮಾನರು: ವಾದದಲ್ಲಿ ನಿಮ್ಮನ್ನು ಪೂರ್ತಿ ಒಪ್ಪುವುದಕ್ಕೆ ನನಗೆ ಇನ್ನೊಂದೇ ತೊಡಕು. ನೀವು ಹೇಳಿದ ಅಂಕಿಯೆಲ್ಲ ಕೆನಡಾದ್ದು, ಕ್ಯಾಲಿಫೋರ್ನಿಯಾದ್ದು, ಕೆನ್ಯಾದ್ದು. ಬಾಸೂರು ಕಾವಲಿನ ಬಿಸಿಲು, ಹುಲ್ಲು, ಹಸು ಇವುಗಳ ಮೇಲೆ ನೋಡಿದ ಅಂಕಿ ಒಂದೂ ನಿಮ್ಮ ಮಾತಿನಲ್ಲಿ ಬರಲಿಲ್ಲ. ಹೊರಗಿನ ಅಳತೆಯನ್ನು ನಂಬಿ ಒಳಗಿನ ರೂಢಿ ಬಿಡಬೇಕೇ?

ಡಾಕ್ಟರು: ನಂಬಬೇಡಿ, ಪರೀಕ್ಷಿಸಿ. ಇದು ದುಬಾರಿ ಪರೀಕ್ಷೆಯೇನಲ್ಲ. ಒಂದೇ ಕಾವಲಿನ, ಒಂದೇ ವಯಸ್ಸಿನ ಕರುಗಳಿರುವ ಹಸುಗಳನ್ನು ಎರಡು ಪಾಲು ಮಾಡಬೇಕು. ಒಂದು ಪಾಲಿಗೆ ಈಗಿನ ರೂಢಿ, ಇನ್ನೊಂದಕ್ಕೆ ಒಂದು ವಾರ ಬೇಲಿ. ಹಸು ಗಂಟೆಗೆ ಎಷ್ಟು ಸಲ ಕೂಗಿತು, ಎಷ್ಟು ಹೊತ್ತು ಮೇಯಿತು, ಎಷ್ಟು ಹೊತ್ತು ಮಲಗಿತು ಅಂತ ಬರೆದಿಟ್ಟುಕೊಳ್ಳಬೇಕು. ಕರುಗಳನ್ನು ಬಿಡಿಸುವ ದಿನ, ಎರಡು ವಾರದ ಮೇಲೆ, ಎರಡೂವರೆ ತಿಂಗಳ ಮೇಲೆ ತೂಗಬೇಕು. ಹಸು ಮತ್ತೆ ಬೆದೆಗೆ ಬಂದ ದಿನವನ್ನು ಗುರುತಿಸಬೇಕು. ಅಜ್ಜಂಪುರದ ಕೇಂದ್ರದಲ್ಲಿ ಮಂದೆ ಇದೆ, ಶಿವಮೊಗ್ಗ, ಹಾಸನದ ಪಶುವೈದ್ಯಕೀಯ ಕಾಲೇಜುಗಳಲ್ಲಿ ವಿದ್ಯಾರ್ಥಿಗಳಿದ್ದಾರೆ. ಬೇಕಾದದ್ದು ತೂಕದ ಯಂತ್ರ, ಗಡಿಯಾರ, ಕೂತು ನೋಡುವ ತಾಳ್ಮೆ. ಎರಡು ಪಾಲಿನ ನಡುವೆ ವ್ಯತ್ಯಾಸ ಕಾಣದಿದ್ದರೆ ನನ್ನ ವಾದ ಈ ಸೀಮೆಗೆ ಸಲ್ಲುವುದಿಲ್ಲ ಅಂತ ಒಪ್ಪಿಕೊಳ್ಳುತ್ತೇನೆ.

ಯಜಮಾನರು: ಹಾಗಾದರೆ ನನ್ನದೂ ಒಂದು ಷರತ್ತು ಇರಲಿ. ಕರುವಿನ ತೂಕವೊಂದನ್ನೇ ನೋಡಿ ತೀರ್ಮಾನ ಬರೆಯಬಾರದು. ಹಸುವಿನ ಲೆಕ್ಕ ಮೊದಲ ಸಾಲಿನಲ್ಲಿ ಬರಬೇಕು. ತೂಕದಲ್ಲಿ ಒಂದು ಕಿಲೋ ವ್ಯತ್ಯಾಸ ಬರದಿದ್ದರೂ, ಬೇಲಿಯ ಪಾಲಿನ ತಾಯಂದಿರು ಬೇಗ ಮಲಗಿ ಮೆಲುಕು ಹಾಕಿದ್ದು ಕಂಡರೆ ಅದನ್ನು ಗೆಲುವು ಅಂತಲೇ ಬರೆಯಬೇಕು. ಕರುವಿಗೆ ಬೆಲೆ ಕಟ್ಟುವುದಕ್ಕೆ ಹರಾಜು ಇದೆ. ತಾಯಿಯ ಸಂಕಟಕ್ಕೆ ಬೆಲೆ ಕಟ್ಟುವ ಸಂತೆ ಇಲ್ಲ, ಆದ್ದರಿಂದ ಅದನ್ನು ಲೆಕ್ಕಕ್ಕೆ ತರಬೇಕಾದವರು ಸಾಕಿದ ನಾವೇ. ಇಷ್ಟು ಒಪ್ಪಿದರೆ ಪರೀಕ್ಷೆ ಮುಗಿಯುವವರೆಗೆ ಕಾಯುವುದೂ ಬೇಡ. ನಮ್ಮ ಕೊಟ್ಟಿಗೆಗಳಲ್ಲಿ ಈ ಸಲ ಕರುವಿಗೆ ಮುಳ್ಳು ಕಟ್ಟುವುದು ನಿಲ್ಲಲಿ, ಕರುವನ್ನು ತಾಯಿಯ ಕಣ್ಣಳತೆಯಲ್ಲೇ, ಮೊಲೆಗೆ ಎಟುಕದಷ್ಟು ದೂರದಲ್ಲಿ ಬೇರೆ ಗೂಟಕ್ಕೆ ಕಟ್ಟೋಣ, ಮಾರುವುದಿದ್ದರೆ ತಿಂಗಳೊಪ್ಪತ್ತು ತಡೆದು ಮಾರೋಣ. ಇದಕ್ಕೆ ಸರ್ಕಾರದ ಆದೇಶವೂ ಬೇಕಿಲ್ಲ, ದುಡ್ಡೂ ಬೇಕಿಲ್ಲ.